ಬೆಕ್ಕಿರುವ ಮನೆಯ ಎಸಿ

ನಾನು ಉಡುಪಿಯವನು. ಹದಿನೈದು ವರ್ಷದಿಂದ ಕತಾರಿನಲ್ಲಿ ಎಸಿ ರಿಪೇರಿ ಮಾಡಿಕೊಂಡಿದ್ದೇನೆ. ಜೂನ್ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಅದರಲ್ಲೂ ಬೆಕ್ಕಿರುವ ಮನೆಗೆ ಹೋದರೆ, ಏನಾದರೊಂದು ಎಡವಟ್ಟಾಗದೆ ಹೊರಗೆ ಬಂದ ನೆನಪೇ ಇಲ್ಲ.

ಹುಡುಗಿಗೆ ಸೆಕೆ

ಅಲ್ ರಯ್ಯಾನಿನಿಂದ ಧಾರವಾಡ ಕಡೆಯ ಅಮ್ಮ ಒಬ್ಬರು ಫೋನ್ ಮಾಡಿದರು. "ಲಗೂ ಬರ್ರಿ, ಎಸಿ ಬಂದ್ ಆಗೇದ. ನಮ್ಮ ಹುಡುಗಿ ಬಾಯಿ ತಕ್ಕೊಂಡು ತೇಕಲಿಕ್ಕೆ ಹತ್ಯಾಳ!"

ಊಟ ಅರ್ಧಕ್ಕೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ಹುಡುಗಿ ಅಂದರೆ ಉದ್ದ ಕೂದಲಿನ ಪರ್ಷಿಯನ್ ಬೆಕ್ಕು. ಅಮ್ಮ ಒದ್ದೆ ಬಟ್ಟೆಯಿಂದ ಅದರ ಪಾದ ಒರೆಸುತ್ತಿದ್ದರು. ಕೆಪಾಸಿಟರ್ ಹೋಗಿತ್ತು, ಬದಲಾಯಿಸಿದೆ. ರೂಮು ತಂಪಾಗುತ್ತ ಬಂದ ಹಾಗೆ ಬೆಕ್ಕು ಬಾಯಿ ಮುಚ್ಚಿತು, ಅಮ್ಮನಿಗೆ ಜೀವ ಬಂತು.

ಹೊರಡುವಾಗ ಯಜಮಾನರು ಬನಿಯನ್ನಿನಲ್ಲಿ ಬೆವರು ಒರೆಸಿಕೊಳ್ಳುತ್ತ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನನ್ನ ರೂಮಿಂದೂ ಒಂದೀಟು ನೋಡ್ರಿ. ಕೆಟ್ಟು ಮೂರು ದಿನಾ ಆತು. ನಾ ತೇಕಿದ್ರ ಯಾರೂ ಫೋನ್ ಮಾಡಂಗಿಲ್ಲ."

ಸೋರುವ ಎಸಿ

ಅಲ್ ಅಜೀಜಿಯಾದ ಒಂದು ಫ್ಲಾಟಿನಲ್ಲಿ ಎಸಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿ ಒಬ್ಬರೇ ಇರುವ ಕುಂದಾಪುರದ ಯುವಕರೊಬ್ಬರು ಕೆಳಗೊಂದು ಬಕೆಟ್ ಇಟ್ಟಿದ್ದರು. ಪೈಪ್ ತೊಳೆದು ಸರಿ ಮಾಡಿ ಬಂದೆ. ಮರುದಿನ ಫೋನ್: "ಮೊದಲಿನ ಹಾಗೆ ಸೋರುವಂತೆ ಮಾಡಿಕೊಡಿ ಮಾರಾಯ್ರೆ!"

ವಿಷಯ ಏನೆಂದರೆ, ಅವರ ಬೆಕ್ಕಿಗೆ ಬಟ್ಟಲಿನ ನೀರು ಸೇರುವುದಿಲ್ಲ. ಬಕೆಟಿಗೆ ಬೀಳುವ ಹನಿ ನೆಕ್ಕಿಯೇ ಅಭ್ಯಾಸ. ಈಗ ಮುನಿಸಿಕೊಂಡು ಬೆಳಿಗ್ಗೆಯಿಂದ ನೀರೇ ಮುಟ್ಟಿಲ್ಲ. ಈ ಸೆಕೆಯಲ್ಲಿ ನೀರಿಲ್ಲದಿದ್ದರೆ ಹೇಗೆ? ಎಸಿ ನೀರು ಕೊಳೆ, ಅದನ್ನು ಕುಡಿಸಬೇಡಿ ಎಂದೆ. ಕೊನೆಗೆ ಒಳ್ಳೆ ನೀರಿನ ಬಾಟಲಿಯ ಮುಚ್ಚಳಕ್ಕೆ ಸಣ್ಣ ತೂತು ಮಾಡಿ, ಎಸಿಯ ಕೆಳಗೇ ತಲೆಕೆಳಗಾಗಿ ತೂಗಿಹಾಕಿದೆ. ಬೆಕ್ಕು ಬಂದು ಕುಡಿಯಿತು.

ನಮ್ಮ ಸೂಪರ್‌ವೈಸರ್ ಫೋನಿನಲ್ಲಿ ಕೇಳಿದರು: "ನಿನ್ನೆ ಸೋರುವುದನ್ನು ನಿಲ್ಲಿಸಿದ್ದಿ. ಇವತ್ತು ಅಲ್ಲಿ ಏನು ಕೆಲಸ?"

"ಸೋರಿಸುವುದು ಸರ್."

ಬಾಗಿಲು ಹುಷಾರು

ಇದು ಮಂಗಳೂರು ಕಡೆಯ ಟೀಚರಮ್ಮ ಒಬ್ಬರ ಮನೆಗೆ ಎಸಿ ಸರ್ವಿಸಿಗೆ ಹೋದಾಗ ಆದದ್ದು. ಅವರು ಅಂಗಡಿಗೆ ಹೊರಟಾಗ ಹತ್ತು ಸಲ ಹೇಳಿದರು: "ಬಾಗಿಲು ಹುಷಾರು. ನಮ್ಮ ಬಿಳಿ ಬೆಕ್ಕು ಹೊರಗೆ ಹೋದರೆ ಪಾದ ಸುಟ್ಟೇ ಹೋದೀತು."

ನಾನು ಸಾಮಾನು ತರಲು ವ್ಯಾನಿಗೆ ಹೋಗುತ್ತೇನೆ, ಪಾರ್ಕಿಂಗಿನಲ್ಲಿ ಬಿಳಿ ಬೆಕ್ಕು! ಒಂದು ಕಾರಿನಡಿಯಿಂದ ಇನ್ನೊಂದು ಕಾರಿನಡಿಗೆ ಅದು ಓಡಿತು, ಕಾದ ನೆಲದ ಮೇಲೆ ಮೊಣಕಾಲೂರಿ ಬಗ್ಗಿ ನೋಡುತ್ತ ನಾನೂ ಹಿಂದೆ ಓಡಿದೆ. ಅರ್ಧ ಗಂಟೆ ಬೆನ್ನುಹತ್ತಿ, ಎರಡೂ ಕೈ ಪರಚಿಸಿಕೊಂಡು, ಅಂತೂ ಟವೆಲಿನಲ್ಲಿ ಸುತ್ತಿ ತಂದೆ. ಬೆಡ್‌ರೂಮಿಗೆ ಬಿಟ್ಟು ನೀರಿಟ್ಟು ಬಾಗಿಲು ಹಾಕಿದೆ.

ಟೀಚರಮ್ಮ ಬಂದಾಗ ಎಲ್ಲ ಒಪ್ಪಿಕೊಂಡೆ. "ತಪ್ಪಾಯ್ತು ಅಕ್ಕ, ಹೊರಗೆ ಹೋಗಿತ್ತು. ಹೇಗೋ ಹಿಡಿದು ತಂದೆ."

ಅವರು ಅಡುಗೆಮನೆಯ ಕಪಾಟಿನ ಮೇಲೆ ನೋಡಿದರು. ಅಲ್ಲಿ ಅವರ ಬೆಕ್ಕು ಗೊರಕೆ ಹೊಡೆಯುತ್ತಿತ್ತು.

"ಹಾಗಾದರೆ ಒಳಗಿರುವುದು ಯಾರು?"

ಬೀದಿ ಬೆಕ್ಕು ಹಾಸಿಗೆಯ ನಟ್ಟನಡುವೆ, ಎಸಿ ಗಾಳಿಗೆ ಹೊಟ್ಟೆ ಕೊಟ್ಟು ಮಲಗಿತ್ತು. "ಯಲ್ಲಾ, ಯಲ್ಲಾ, ನಡಿ ನಡಿ" ಎಂದು ಹೊಸ್ತಿಲವರೆಗೆ ಕಳಿಸಿದೆ. ಬಾಗಿಲು ತೆಗೆದದ್ದೇ ಬಿಸಿಗಾಳಿ ಮುಖಕ್ಕೆ ಬಡಿಯಿತು. ಅದು ನನ್ನನ್ನೊಮ್ಮೆ ನೋಡಿ, ತಿರುಗಿ ಹೋಗಿ ಹಾಸಿಗೆ ಹತ್ತಿತು. ಟೀಚರಮ್ಮ ಸೋಫಾದಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಖಲಾಸ್! ಇನ್ನು ಅದು ಹೋಗುವುದಿಲ್ಲ, ಇರಲಿ ಬಿಡಿ."

ಮುಂದಿನ ಬೇಸಿಗೆಯಲ್ಲಿ ಅವರು ನಮ್ಮ ಆಫೀಸಿಗೆ ಫೋನ್ ಮಾಡಿದರಂತೆ: "ಹೋದ ವರ್ಷದ ಮೆಕ್ಯಾನಿಕ್ಕನ್ನೇ ಕಳಿಸಿ, ಕೆಲಸ ಚಂದ. ಆದರೆ ಬರುವಾಗ ಕೈ ಬೀಸಿಕೊಂಡು ಬರಲಿಕ್ಕೆ ಹೇಳಿ, ಮೂರನೆಯದಕ್ಕೆ ಜಾಗ ಇಲ್ಲ!"