ಬಂದರಿನವರು, ಗುಡ್ಡದವರು ಮತ್ತು ನನ್ನ ಕುಬಸ

ಡಿವಿಡಿ ಬಾಡಿಗೆ ಅಂಗಡಿಯ ಕೌಂಟರಿನ ಹಿಂದೆ ನಿಂತವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು ಎಂದು ಅವೇನೂ ಮುಲಾಜು ನೋಡಲಿಲ್ಲ. ಆಕ್ಲೆಂಡಿನ ಏವನ್‌ಡೇಲ್‌ನಲ್ಲಿ ನಾನು ಆ ಕೆಲಸದಲ್ಲಿದ್ದಾಗ, ಎರಡು ಮಾಫಿಯಾ ಮನೆತನಗಳು ಹೊಡೆದಾಡುವ ಇಟಲಿಯ ಸಿನೆಮಾವೊಂದು ನಮ್ಮ ಮನೆ ಹೊಕ್ಕಿತು.

ಕಾರಿನಿಂದ ಇಳಿಯದ ಬೀಗರು

ಜಗಳ ಮಾತ್ರ ಸಿನೆಮಾಕ್ಕಿಂತ ಮೊದಲಿನದು. ಅತ್ತೆ ಮಾವ ವಿಜಾಪುರದಿಂದ ನಮ್ಮ ಮನೆಗೆ ಬಂದ ದಿನ, ಅವರನ್ನು ಕರೆತರಲು ನನ್ನ ಅಪ್ಪನೂ ನನ್ನ ಗಂಡನೂ ವಿಮಾನ ನಿಲ್ದಾಣಕ್ಕೆ ಹೋಗಿದ್ದರು. ಬೀಗರನ್ನು ಬಾಗಿಲಲ್ಲಿ ನಿಂತು ಎದುರುಗೊಳ್ಳಬೇಕು, ಕೈಗೊಂದು ಹೂವಾದರೂ ಕೊಡಬೇಕು. ಅಪ್ಪ ಕಾರಿನಲ್ಲೇ ಕೂತಿದ್ದ.

"ಗಾಡಿಯಿಂದ ಇಳೀಲೇ ಇಲ್ಲ ಅಂವ," ಎಂದರು ಮಾವ.

"ಇಳಿದ್ರ ಗಾಡಿ ಎಳಕೊಂಡ ಹೋಗ್ತಾರ ಅಂತ ಅಲ್ಲಿ ಬೋರ್ಡ್ ಹಾಕ್ಯಾರ," ಎಂದ ಅಪ್ಪ. "ಎಂಜಿನ್ ಬಂದ್ ಮಾಡದ ಕುಂತಿದ್ದೆ. ಅದಕ್ಕಿಂತ ಮರ್ಯಾದಿ ಬೇಕೇನು?"

ಅಂದಿನಿಂದ ಮಾತು ನಿಂತಿತು. ಅಣ್ಣನ ಮನೆಯಲ್ಲಿದ್ದ ಅಪ್ಪ ಅಮ್ಮ ನಮ್ಮ ಮನೆಗೆ ಕಾಲಿಡಲಿಲ್ಲ. ಅಷ್ಟರಲ್ಲಿ ನಾನು ಬಸುರಿ. ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಗಂಡನ ಮನೆಯಲ್ಲಿ ಕುಬಸ ಮಾಡಬೇಕು. ಅವರು ಬಂದು ದಿನ ಕೇಳಲಿ ಎಂದು ಮಾವ. ಅವರು ಮೊದಲು ಕರೆಯಲಿ ಎಂದು ಅಪ್ಪ. ಕುಬಸದ ಮೇಲೆ ನನಗೆ ನಂಬಿಕೆಯಿಲ್ಲ. ಅಮ್ಮ ನನ್ನ ಮನೆಗೆ ಬರಬೇಕಿತ್ತು, ಅಷ್ಟೇ. ನನ್ನ ಗಂಡ ಪೆನ್‌ರೋಸ್‌ನ ಗೋದಾಮಿನಲ್ಲಿ ಸರಕು ಸಾಗಣೆಯ ಮ್ಯಾನೇಜರ್. ದಿನವಿಡೀ ಲಾರಿಗಟ್ಟಲೆ ಮಾಲು ಸಾಗಿಸುವವನಿಗೆ ಇಬ್ಬರು ಮುದುಕರನ್ನು ಒಂದು ಅಡಿ ಸರಿಸಲಾಗಲಿಲ್ಲ.

ಉಣ್ಣುವವರನ್ನು ಕೊಲ್ಲುವುದು

ಅಪ್ಪ ಆ ಡಿವಿಡಿ ಆರಿಸಿದ್ದು ಡಬ್ಬಿಯ ಮೇಲಿನ ಚಿತ್ರ ನೋಡಿ. ದೊಡ್ಡ ಕುಟುಂಬವೊಂದು ಮೇಜಿನ ಸುತ್ತ ಊಟಕ್ಕೆ ಕೂತಿತ್ತು. "ಕೌಟುಂಬಿಕ ಚಿತ್ರ ಕಾಣಸ್ತದ," ಎಂದ. ನಾನು ತಿದ್ದಲಿಲ್ಲ.

ಮರುದಿನ ಅಣ್ಣನ ಮನೆಗೆ ಹೋದರೆ ಪ್ರದರ್ಶನ ನಡೆದಿತ್ತು. ಪರದೆಯ ಮೇಲೆ ಇಟಾಲಿಯನ್, ಕೆಳಗೆ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಅಮ್ಮನಿಗಾಗಿ ಅಪ್ಪನ ಹುಬ್ಬಳ್ಳಿ ಕನ್ನಡ. ಊರಲ್ಲಿ ಎರಡು ಮನೆತನ: ಬಂದರಿನವರು, ಗುಡ್ಡದವರು. ಬಂದರಿನ ಯಜಮಾನ ಹೇಳುವುದನ್ನೆಲ್ಲ ಅಪ್ಪ ಎದೆಯುಬ್ಬಿಸಿ ಅನುವಾದಿಸುತ್ತಿದ್ದ. ಗುಡ್ಡದವರ ಮಾತು ಬಂದರೆ, "ಇಂವ ಏನೋ ಸುಳ್ಳ ಹೇಳ್ಲಿಕತ್ತಾನ, ಬಿಡು," ಎಂದು ದಾಟಿಸುತ್ತಿದ್ದ.

ಊಟದ ದೃಶ್ಯ ಬಂತು, ಗುಂಡೂ ಬಂತು. ಅಮ್ಮ ಅವರೆಕಾಳು ಸುಲಿಯುವುದನ್ನು ನಿಲ್ಲಿಸಿದಳು.

"ಉಣ್ಣಾಕ ಕುಂತವರನ್ನ ಹೊಡದ್ರಲ್ಲ. ಎಂಥಾ ಮಂದಿ ಇವರು?"

"ಏನರ ಆಗ್ಲಿ, ಊಟಕ್ಕ ಕರದಿದ್ರಲ್ಲ," ಎಂದ ಅಪ್ಪ. "ನಮ್ಮ ಬೀಗರು ಅಷ್ಟೂ ಮಾಡಿಲ್ಲ."

ಅದೇ ಸಿನೆಮಾ, ಇನ್ನೊಂದು ಮನೆ

ವಾಪಸ್ ಬಂದ ಡಿವಿಡಿಯನ್ನು ನಾನು ಮನೆಗೆ ಒಯ್ದೆ. ಮಾವ ಕನ್ನಡಕ ಒರೆಸಿಕೊಂಡು ಪೂರ್ತಿ ನೋಡಿದರು. ಅವರು ನಿವೃತ್ತ ಹೆಡ್‌ಮಾಸ್ತರು. ಸಿನೆಮಾ ನೋಡುವುದೆಂದರೆ ಅವರಿಗೆ ಉತ್ತರಪತ್ರಿಕೆ ತಿದ್ದಿದ ಹಾಗೆ.

"ಗುಡ್ಡದವರು ಸಂಸ್ಕಾರವಂತರು," ಎಂದರು.

"ಮಾವಾ, ಅವರು ಒಬ್ಬನನ್ನ ಸಿಮೆಂಟಿನಾಗ ಹೂತ್ರು."

"ಹೂತ್ರು. ಆದರ ಮೊದಲ ಅವನ ಮನೀಗೆ ಹೋಗಿ ಹೇಳಿ ಬಂದ್ರು. ಕಾರಿನಾಗ ಕುಂತ ಹಾರ್ನ್ ಹೊಡೀಲಿಲ್ಲ."

ಮಧ್ಯಸ್ಥ

ನನ್ನ ಗಂಡ ಕೊನೆಗೆ ನನ್ನನ್ನೂ ಕರೆದುಕೊಂಡು ಕಿರಾಣಿ ಅಂಗಡಿಯ ಅಂಕಲ್ ಹತ್ತಿರ ಹೋದ. ಅವರು ಭಟ್ಕಳದ ಮುಸ್ಲಿಮರು. ಎರಡೂ ಮನೆಗೆ ಜೋಳದ ಹಿಟ್ಟು ಅವರಿಂದಲೇ ಬರುತ್ತಿದ್ದುದರಿಂದ ಅವರ ಮಾತಿಗೆ ಎರಡೂ ಕಡೆ ಬೆಲೆಯಿತ್ತು.

"ಇದೇನು ದೊಡ್ಡ ವಿಷಯ? ಇಬ್ಬರನ್ನೂ ಇಲ್ಲಿಗೆ ಕರೀತೇನೆ, ಚಹಾ ಕೊಡ್ತೇನೆ, ಮುಗೀತು," ಎಂದರು ಅಂಕಲ್. ಆಮೇಲೆ ನನ್ನತ್ತ ತಿರುಗಿ ಕೇಳಿದರು: "ಇಬ್ಬರೂ ಅದೇನೋ ಸಿನೆಮಾ ಬಗ್ಗೆ ಹೇಳ್ತಾ ಇರ್ತಾರಲ್ಲ, ಅದರಲ್ಲಿ ರಾಜಿ ಮಾಡ್ಸೋರು ಯಾರಾದರೂ ಇದ್ದಾರಾ?"

"ಒಬ್ಬ ಪಾದ್ರಿ ಇದ್ದಾನೆ."

"ಅವನಿಗೇನಾಯ್ತು?"

"ಎರಡೂ ಕಡೆಯವರು ಸೇರಿ ಹೊಡೆದರು. ಅವರು ಒಟ್ಟಿಗೆ ಮಾಡಿದ ಕೆಲಸ ಅದೊಂದೇ."

ಅಂಕಲ್ ತಕ್ಕಡಿಯ ಕಡೆ ತಿರುಗಿದರು. "ಹಿಟ್ಟು ಎಷ್ಟು ಕಿಲೋ ಕೊಡಲಿ?" ಎಂದರು.

ಎರಡನೇ ಭಾಗ

ಆ ಸಿನೆಮಾಕ್ಕೆ ಎರಡನೇ ಭಾಗವೂ ಇತ್ತು. ನಮ್ಮ ಅಂಗಡಿಗೆ ಒಂದೇ ಪ್ರತಿ ಬಂತು. ನಾನು ಎರಡೂ ಮನೆಯಲ್ಲಿ ಬಾಯಿ ಬಿಟ್ಟಿದ್ದೆ, ಬೇಕೆಂದೇ. ಭಾನುವಾರದ ಸಂತೆ ಮುಗಿಸಿ ಅಪ್ಪ ಮೆಂತ್ಯದ ಸೊಪ್ಪಿನ ಚೀಲ ಹಿಡಿದು ಬಂದ. ಹಿಂದೆಯೇ ಮಾವ, ಮೂಲಂಗಿ ಸಮೇತ. ಇಬ್ಬರ ಕೈಯೂ ಒಂದೇ ಡಬ್ಬಿಯ ಮೇಲೆ ಬಿತ್ತು.

ಮಾತಿಲ್ಲದವರಾದರೂ ಬೀಗರು ಬೀಗರೇ. ಬೀಗರೆದುರು ಮೊದಲು ಕೈ ಚಾಚಿ ಯಾವುದನ್ನೂ ತೆಗೆದುಕೊಳ್ಳುವಂತಿಲ್ಲ.

"ಅವರಿಗೆ ಕೊಡವ್ವ," ಎಂದ ಅಪ್ಪ, ನನ್ನನ್ನು ನೋಡುತ್ತ.

"ಛೇ ಛೇ, ಅವರೇ ಒಯ್ಯಲಿ," ಎಂದರು ಮಾವ, ಅವರೂ ನನ್ನನ್ನೇ ನೋಡುತ್ತ.

ಹಿಂದೆ ಸಾಲು ಬೆಳೆಯಿತು. ಬಣ್ಣ ಬಳಿಯುವ ಕೆಲಸದ ನ್ಯೂಜಿಲೆಂಡಿನವನೊಬ್ಬ, ಇವರಿಗೆ ಬೇಡವೆಂದು ತಿಳಿದು, ನಯವಾಗಿ ಡಬ್ಬಿ ಎತ್ತಿಕೊಂಡ. ಮುದುಕರಿಬ್ಬರೂ ಒಟ್ಟಿಗೆ ಅವನ ತೋಳು ಹಿಡಿದರು.

ನಾನು ಡಬ್ಬಿ ಇಸಿದುಕೊಂಡೆ. "ಇದು ನನ್ನ ಹೆಸರಿಗೆ. ಸಂಜೆ ನನ್ನ ಮನೆಯಲ್ಲಿ ಹಾಕ್ತೀನಿ. ನೋಡೋರು ಬರ್ರಿ."

ಅಪ್ಪ ಬಹಳ ಹೊತ್ತು ಮೆಂತ್ಯದ ಸೊಪ್ಪನ್ನು ಪರೀಕ್ಷಿಸಿದ. "ಸಿನೆಮಾಕ್ಕ ಬರ್ತೀನಿ. ಬೀಗರ ಮನೀಗೆ ಬರೂದಿಲ್ಲ."

"ಸಿನೆಮಾಕ್ಕ ಬಂದವರಿಗೆ ಚಹಾ ಕೊಡಬಹುದು," ಎಂದರು ಮಾವ. "ಅದು ಕರದಂಗ ಅಲ್ಲ."

ಕುಬಸ

ಅಪ್ಪ ಸಿನೆಮಾಕ್ಕೆ ಬಂದ. ಅಮ್ಮ ಹಸಿರು ಸೀರೆ, ಬಳೆ, ಹೋಳಿಗೆಯ ಡಬ್ಬಿಗಳೊಂದಿಗೆ ಬಂದಳು. ತಿಂಗಳುಗಟ್ಟಲೆ ಕಟ್ಟಿಟ್ಟ ಗಂಟಿರಬೇಕು. ಯಾರ ಅಪ್ಪಣೆಯನ್ನೂ ಕೇಳದೆ ಸೋಫಾದ ಮುಂದೆ ಮಣೆ ಹಾಕಿ ನನ್ನನ್ನು ಕೂಡಿಸಿದಳು. ಅತ್ತೆ ಆಗಲೇ ಆರತಿ ಸಿದ್ಧ ಮಾಡಿದ್ದರು. ಇಬ್ಬರಲ್ಲಿ ಯಾರೂ ಯಾರಿಗೂ ಏನೂ ಹೇಳಿದ ಹಾಗೆ ಕಾಣಲಿಲ್ಲ.

ಪರದೆಯ ಮೇಲೆ ಗುಡ್ಡದವರು ಬಂದೂಕಿಗೆ ಗುಂಡು ತುಂಬುತ್ತಿದ್ದರು. ನಾನು ಅಡ್ಡ ಕೂತದ್ದರಿಂದ ಅಪ್ಪ ಎಡಕ್ಕೂ ಮಾವ ಬಲಕ್ಕೂ ಬಾಗಿದ್ದರು.

"ಒಂದೀಟು ತಡಿ," ಎಂದ ಅಪ್ಪ. "ಈಗ ಯಾರ ಸಾಯ್ತಾರ ಗೊತ್ತಾಗ್ತದ."

"ಯಾರರ ಸಾಯ್ಲಿ," ಎಂದಳು ಅಮ್ಮ. "ನಾ ನನ್ನ ಮಗಳಿಗೆ ಬಳಿ ಇಡಸ್ತೀನಿ."

ನನ್ನ ಕೈಗೆ ಬಳೆ ಏರುತ್ತಿದ್ದಂತೆ ಹಿಂದೆ ಮನೆತನಗಳೆರಡೂ ನಿರ್ವಂಶವಾದವು. ಸಿನೆಮಾ ಮುಗಿಯಿತು. ತಿಂಗಳುಗಳ ನಂತರ ಅಪ್ಪ ಮೊದಲ ಬಾರಿಗೆ ನೇರವಾಗಿ ಮಾವನ ಮುಖ ನೋಡಿದ.

"ವಿಚಾರ ಮಾಡಿದ್ರ, ಇಬ್ಬರದೂ ತಪ್ಪಿತ್ರಿ ಬೀಗರ."

"ಖರೇ ಅದರಿ," ಎಂದರು ಮಾವ, ಅಪ್ಪನ ತಟ್ಟೆಗೆ ಹೋಳಿಗೆ ಹಾಕುತ್ತ. "ಆದರ ಜಾಸ್ತಿ ನಿಮ್ಮವರದು."