ಹೆಲಿಕಾಪ್ಟರಿಗೆ ನಾನು ಕೊಟ್ಟ ಹತ್ತು ಅಂಕ

ಕೊಟ್ಟಾರದಲ್ಲಿ ಮೂವತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವ ನನಗೆ, ಎಂಜಿನ್ ಇರುವ ಯಾವುದನ್ನಾದರೂ ಓಡಿಸಬಲ್ಲೆ ಎಂಬ ಭಾರೀ ನಂಬಿಕೆಯಿತ್ತು. ಹಾಗಾಗಿ ಅಕ್ಕನ ಮಗಳು ಶ್ರಾವ್ಯ ಒಂದು ಯಂತ್ರ ಓಡಿಸಿ ನೋಡಬೇಕೆಂದು ಕಾಲೇಜಿನಿಂದ ಫೋನ್ ಮಾಡಿದ ಕೂಡಲೇ ಹೊರಟೆ.

ಅವಳ ಪ್ರಾಜೆಕ್ಟ್ ಕಂಪ್ಯೂಟರಿನೊಳಗಿನ ಒಂದು ಹೆಲಿಕಾಪ್ಟರ್. ಎದುರಿಗೆ ಪರದೆ, ಕೂರಲು ಕುರ್ಚಿ, ಕಾಲಿಗೆ ಪೆಡಲ್. ನಿಜವಾದದ್ದನ್ನು ಹಾರಿಸುವ ಮೊದಲು ಅದು ಚಾಲಕನ ಮಾತು ಕೇಳುತ್ತದೋ ಇಲ್ಲವೋ ಎಂದು ಹೀಗೆ ನೋಡುತ್ತಾರಂತೆ. ಬರಬೇಕಿದ್ದ ಪೈಲಟ್ ಕೈಕೊಟ್ಟಿದ್ದರು. ಪರೀಕ್ಷಕರು ಮಾತ್ರ ಬಂದು ಕೂತಿದ್ದರು. ಹುಡುಗಿಯ ಒಂದು ವರ್ಷದ ದುಡಿಮೆ ಅಂದೇ ಪಾಸಾಗಬೇಕಿತ್ತು.

"ಮಾವ, ಈ ಎಡಗೈಯ ಲಿವರ್ ಎಳೆದ್ರೆ ಮೇಲೆ ಹೋಗ್ತದೆ. ಸ್ವಲ್ಪ ಎತ್ತಿ ಒಂದೇ ಕಡೆ ನಿಲ್ಲಿಸಿ. ಮತ್ತೆ ಈ ಫಾರ್ಮಲ್ಲಿ ಅಂಕ ಬರೀರಿ. ಮೊದಲು ಸೂಚನೆ ಓದಿ, ಆಯ್ತಾ?"

"ಓದುವ ಮಾರಾಯ್ತಿ. ಕೂಳೂರು ಸೇತುವೆಯ ಟ್ರಾಫಿಕ್ ಬ್ಲಾಕಲ್ಲಿ ಹಾಫ್ ಕ್ಲಚ್ಚಲ್ಲಿ ಕಾರು ನಿಲ್ಲಿಸಿದವ ನಾನು. ಇದೆಂತ ದೊಡ್ಡದು?"

ಎತ್ತಿದೆ. ಅದು ಎಡಕ್ಕೆ ವಾಲಿತು. ಬ್ರೇಕೆಂದು ಪೆಡಲ್ ಒತ್ತಿದೆ, ಗಿರಗಿರನೆ ತಿರುಗಿತು. ಗಾಬರಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಅದು ಅದೇ ಲಿವರ್! ನಿಲ್ಲಿಸಲು ಎಳೆದಷ್ಟೂ ಏರಿತು, ಏರಿದಷ್ಟೂ ಎಳೆದೆ. "ಮಾವ, ಬಿಡಿ ಬಿಡಿ" ಎಂದಳು. ಪೂರ್ತಿ ಕೆಳಗೆ ತಳ್ಳಿದೆ. ಮೂರು ಸಲ ಹಾರಿದೆ, ಮೂರು ಸಲವೂ ಬಿದ್ದೆ.

ಶ್ರಾವ್ಯಳ ಮುಖ ಸಣ್ಣದಾಯಿತು. ಬಿದ್ದವನು ನಾನು, ಶಿಕ್ಷೆ ಮಗುವಿಗೇಕೆ? ಫಾರ್ಮಿನಲ್ಲಿ ಒಂದರಿಂದ ಹತ್ತರವರೆಗೆ ಅಂಕವಿತ್ತು. ಸೂಚನೆಯ ಗೊಡವೆಗೇ ಹೋಗದೆ, ಪ್ರೀತಿಯಿಂದ ಹತ್ತು ಬರೆದು ಸಹಿ ಹಾಕಿದೆ.

ಪರೀಕ್ಷಕರು ಕನ್ನಡಕ ತೆಗೆದರು. "ಹತ್ತಾ? ಇದರಲ್ಲಿ ಒಂದು ಅಂದ್ರೆ ಉತ್ತಮ. ಹತ್ತು ಅಂದ್ರೆ ಹತೋಟಿಗೇ ಸಿಗದ್ದು. ಇದನ್ನು ಪಾಸ್ ಮಾಡುವುದು ಹೇಗೆ?"

ಶ್ರಾವ್ಯಳ ಕಣ್ಣು ತುಂಬಿತು.

"ತಪ್ಪು ಯಂತ್ರದ್ದಲ್ಲ ಸರ್, ನನ್ನದು," ಎಂದೆ.

"ಹಾಗಾದ್ರೆ ಬರೆದು ಕೊಡಿ. ಉದ್ಯೋಗ ಎಂತ ಅಂತಲೂ ಬರೀರಿ."

ಬರೆದೆ. "ಯಂತ್ರದಲ್ಲಿ ದೋಷವಿಲ್ಲ. ದೋಷ ಓಡಿಸಿದವನದು. ಅವನಿಗೆ ಓಡಿಸಲು ಬರುವುದಿಲ್ಲ." ಕೆಳಗೆ ನನ್ನ ಹೆಸರು. ಉದ್ಯೋಗ: ವಾಹನ ಚಾಲನಾ ತರಬೇತುದಾರ.

ಪರೀಕ್ಷಕರು ತಾವೇ ಕೂತು ಹಾರಿಸಿ ನೋಡಿ ಎರಡು ಅಂಕ ಕೊಟ್ಟರು. ಶ್ರಾವ್ಯ ಪಾಸಾದಳು. ನನಗಾದ ಖುಷಿ ಅವಳ ಅಪ್ಪನಿಗೂ ಆಗಿರಲಾರದು.

ಅವಳ ವರದಿಯ ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ನನ್ನದೇ. ಕೊನೆಯ ಪುಟದಲ್ಲಿ ನಾನು ಬರೆದುಕೊಟ್ಟ ಪತ್ರವೂ ಇದೆ, ಸಹಿಸಮೇತ. ಈಗ ಆ ವರದಿ ಕಾಲೇಜಿನ ಲೈಬ್ರರಿಯಲ್ಲಿ ಯಾರು ಬೇಕಾದರೂ ಓದುವಂತೆ ಇದೆ. ನನ್ನ ಸ್ಕೂಲಿಗೆ ಕಾರು ಕಲಿಯಲು ಬರುವವರಲ್ಲಿ ಮುಕ್ಕಾಲು ಪಾಲು ಆ ಕಾಲೇಜಿನವರೇ.