ಅಪ್ಪನ ಕಾರಿನ ಪಿಕಪ್

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಗಡಹಿಂಗ್ಲಜದ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಒಬ್ಬನೇ ಸಾಕ್ಷಿಯ ಮಾತು ನಂಬಬೇಡಿ ಎಂದು ಮಕ್ಕಳಿಗೆ ವರ್ಷವರ್ಷವೂ ಹೇಳುತ್ತೇನೆ. ನನ್ನ ತವರು, ನನ್ನ ಡ್ರೈವಿಂಗು ಇವುಗಳ ವಿಷಯ ಬಂದಾಗ ಮಾತ್ರ ಆ ಒಬ್ಬನೇ ಸಾಕ್ಷಿ ನಾನಾಗಿರುತ್ತೇನೆ, ಹಾಗಾಗಿ ಕಣ್ಣುಮುಚ್ಚಿ ನಂಬಿಬಿಡುತ್ತೇನೆ. ದಿನಚರಿ ಬರೆಯುವ ಚಟವೇನೋ ಇದೆ. ಆದರೆ ಹಳೆಯ ಪುಟ ತೆಗೆದರೆ ಶೇಂಗಾ ಚಟ್ನಿಗೆ ಉಪ್ಪು ಹೆಚ್ಚಾದದ್ದು ಸಿಗುತ್ತದೆ, ಬೇಕಾದದ್ದು ಸಿಗುವುದಿಲ್ಲ.

ಅಪ್ಪ ಶಿರೋಳಿಯ ಫೌಂಡ್ರಿಯೊಂದರಲ್ಲಿ ಪ್ಯಾಟರ್ನ್ ಮಾಡುತ್ತಿದ್ದರು. ಎರಕ ಹೊಯ್ಯಬೇಕಾದ ವಸ್ತುವನ್ನು ಮೊದಲು ಕಟ್ಟಿಗೆಯಲ್ಲಿ ಕೆತ್ತಿಕೊಡುವ ಕೆಲಸ. ಕಬ್ಬಿಣ ಆರುವಾಗ ಕುಗ್ಗುತ್ತದೆಂದು ಕಟ್ಟಿಗೆಯನ್ನು ತುಸು ದೊಡ್ಡದಾಗಿಯೇ ಕೆತ್ತಬೇಕು. ಹೀಗೆ ಮುಂದೆ ಆಗುವುದನ್ನು ಇಂದೇ ಅಂದಾಜು ಮಾಡುವುದು ಅವರ ಸ್ವಭಾವವೇ ಆಗಿಹೋಗಿತ್ತು. ನನ್ನ ಮದುವೆಯ ಕುಪ್ಪಸ ಹೊಲಿಯುವ ದರ್ಜಿಗೆ, “ಹೊಲಿಗಿ ಒಳಗ ಎರಡ ಬೆರಳ ಬಟ್ಟಿ ಬಿಡ್ರಿ, ಆಕಿ ದಪ್ಪ ಆಗತಾಳ” ಎಂದು ಎಲ್ಲರ ಎದುರೇ ಹೇಳಿದ್ದರು. ಆ ಅಂದಾಜು ತಪ್ಪಲಿಲ್ಲ.

ಅಪ್ಪ ಹೋದ ಮೇಲೆ ಅವ್ವನೂ ಕಾರೂ ಇಚಲಕರಂಜಿಯ ನನ್ನ ಮನೆಗೆ ಬಂದರು. ಅವ್ವ ಚುರುಕಾಗಿದ್ದಳು, ಕಾರಿಗೆ ಪಿಕಪ್ ಇರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಅದು ಮೊದಲು ವಿಚಾರ ಮಾಡುತ್ತಿತ್ತು, ಆಮೇಲೆ ಒಲ್ಲದ ಮನಸ್ಸಿನಿಂದ ಹೊರಡುತ್ತಿತ್ತು. ತವಂದಿ ಘಾಟಿನಲ್ಲಿ ಕಬ್ಬಿನ ಟ್ರಾಲಿಯ ಹಿಂದೆ ಸಿಕ್ಕಿಕೊಂಡರೆ ಸಂಕೇಶ್ವರದವರೆಗೂ ಕಬ್ಬು ನೋಡುತ್ತಲೇ ಹೋಗಬೇಕು. ಯಡ್ರಾವದಲ್ಲಿ ಮಗ್ಗ ನಡೆಸುವ ನನ್ನ ಮೈದುನ ಭರತ ಕಡೆಗೊಂದು ದಿನ ತೀರ್ಪು ಕೊಟ್ಟ: “ವೈನಿ, ಮಾರಿಬಿಡ್ರಿ ಇದನ್ನ. ನಡಕೋತ ಹೋದ್ರ ನಿಮಗ ವ್ಯಾಯಾಮರೆ ಆಗತೈತಿ.”

ಮಾರುವ ಮಾತು ನನಗೆ ಹಿಡಿಸಲಿಲ್ಲ. ಅಪ್ಪ ನನಗೆ ಗಾಡಿ ಕಲಿಸಿದ್ದು ಅದೇ ಕಾರಿನಲ್ಲಿ, ಫೌಂಡ್ರಿಗಳಿಗೆ ರಜೆಯಿರುವ ದಿನ, ಶಿರೋಳಿಯ ಖಾಲಿ ರಸ್ತೆಗಳಲ್ಲಿ. ಮೊದಲ ಸಲ ದೂರದ ದಾರಿ ಹಿಡಿದಾಗ ಅದೇ ತವಂದಿ ಘಾಟಿನಲ್ಲಿ ನಾನು ಜೋಡಿ ಟ್ರಾಲಿಯನ್ನು ಹಿಂದೆ ಹಾಕಿದ್ದೆ. ಅಪ್ಪ ತೊಡೆ ತಟ್ಟಿ “ಶಾಭಾಸ್ ನನ್ನ ಹುಲಿ!” ಎಂದಿದ್ದರು. ಈ ಪ್ರಸಂಗವನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ಬೀಳ್ಕೊಡುಗೆ ಸಮಾರಂಭದಲ್ಲೂ ಹೇಳಿದ್ದೇನೆ. ಅಂಥ ಕಾರನ್ನು ಮಾರುವುದೆಂದರೆ!

ಕಡಿಮೆ ಖರ್ಚಿನಲ್ಲಿ ಪಿಕಪ್ ಬರಿಸಿ ನೋಡುವುದು, ಬರದಿದ್ದರೆ ಮಾರುವುದು ಎಂದು ಒಪ್ಪಂದವಾಯಿತು. ಭರತ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತನಾದ. ಒಂದು ಪುಟ್ಟ ಡಬ್ಬಿ ತರಿಸಿದ. ಅದನ್ನು ಪೆಡಲಿಗೆ ಜೋಡಿಸಿದರೆ ಗಾಡಿ ಚಿಗರಿಯಂತೆ ನೆಗೆಯುತ್ತದಂತೆ. ಗ್ಯಾರೇಜಿನ ಶಕೀಲ ಮಿಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಭರತಭಾವು, ಇದನ್ನ ಎಲ್ಲಿ ಚುಚ್ಚಲಿ? ಇದು ಕರೆಂಟಿನ ಪೆಡಲಿಗೆ ಹಾಕೂದು. ಈ ಗಾಡಿಗಿ ಪೆಡಲಿಂದ ಇಂಜಿನ್‌ತನಕ ಇರೂದು ಒಂದ ಕೇಬಲ್ಲ, ಸೈಕಲ್ ಬ್ರೇಕಿನ ಗತೆ” ಎಂದ. ಡಬ್ಬಿ ಈಗ ಭರತನ ಆಫೀಸಿನಲ್ಲಿ ಬಿಲ್ಲುಗಳ ಮೇಲೆ ಭಾರಕ್ಕೆ ಕೂತಿದೆ.

ಆಮೇಲೆ ತೊಳೆದು ಮತ್ತೆ ಹಾಕಬಹುದಾದ ಏರ್ ಫಿಲ್ಟರ್ ಬಂತು, ಹೊಸ ಪ್ಲಗ್ಗುಗಳು ಬಂದವು. ಇಂಜಿನ್ನಿಗೆ ಗಾಳಿ ಬಿಡುವ ಬಾಯಿಯಲ್ಲಿ ಕಟ್ಟಿದ್ದ ಮಸಿಯನ್ನು ಮಿಸ್ತ್ರಿ ಹಲ್ಲು ತಿಕ್ಕಿದಂತೆ ತಿಕ್ಕಿದ. ಪ್ರತಿ ಸಲವೂ ನಾನು ಒಂದು ಸುತ್ತು ಹೊಡೆದು ಬಂದೆ. ಸದ್ದು ಕುಸ್ತಿ ಗೆದ್ದ ಪೈಲ್ವಾನನಂತಾಯಿತು, ವೇಗ ಮಾತ್ರ ಅವನನ್ನು ನೋಡಲು ಬಂದ ಅಜ್ಜನದೇ ಉಳಿಯಿತು.

ಕೊನೆಗೆ ಕೇಬಲ್ ಸಡಿಲಾಗಿದೆಯೇನೋ ಎಂದು ಮಿಸ್ತ್ರಿ ಪೆಡಲಿನ ಹತ್ತಿರ ತಲೆ ತೂರಿಸಿ, ನೆಲಹಾಸು ಎತ್ತಿದ. ಆಮೇಲೆ ಒಳಗಿನಿಂದಲೇ ನಗು ಕೇಳಿಸಿತು.

“ಅಕ್ಕಾರ, ಇಲ್ಲಿ ಯಾರೋ ಕಟ್ಟಿಗಿ ಕುಂಡ್ರಿಸ್ಯಾರ್ರಿ! ಪೆಡಲ್ ಅರ್ಧಾನೂ ಕೆಳಗ ಹೋಗವಲ್ದು.”

ಹೆಬ್ಬೆರಳಿನಷ್ಟು ದಪ್ಪದ ಸಾಗವಾನಿ ತುಂಡು. ತಳ ಕಾರಿನ ನೆಲದ ಉಬ್ಬಿಗೆ ಸರಿಯಾಗಿ ಕೂರುವಂತೆ ಕೆತ್ತಿತ್ತು. ಅಂಚು ಉಜ್ಜಿ, ವಾರ್ನಿಶ್ ಹಚ್ಚಿ, ಸ್ಕ್ರೂ ತಲೆ ಮೇಲೆ ಕಾಣದಂತೆ ಇಳಿಸಿತ್ತು. “ಕೈಯಾಗ ಕಲಾ ಐತಿ ನೋಡ್ರಿ” ಎಂದ ಮಿಸ್ತ್ರಿ. ಯಾರ ಕೈ ಎಂದು ನಾನು ಕೇಳಬೇಕಾಗಿರಲಿಲ್ಲ.

“ಮಾವಾರು ನಿಮಗ ಲಗಾಮ ಹಾಕಿ ಹೋಗ್ಯಾರ ವೈನಿ!” ಎಂದು ಭರತ ಗ್ಯಾರೇಜಿಗೆಲ್ಲ ಕೇಳುವಂತೆ ನಕ್ಕ.

ಮನೆಗೆ ಬಂದು ತುಂಡನ್ನು ಅವ್ವನ ಮುಂದಿಟ್ಟೆ. “ಗಾಡಿ ಒಳಗ ಏನ ಬಡೀತಿದ್ರೋ, ನನಗೇನ ಹೇಳಿ ಮಾಡ್ತಿದ್ರನು?” ಎಂದಳು. ಶಾಭಾಸ್ ಎಂದದ್ದನ್ನು ನೆನಪಿಸಿದೆ. ಅಂದು ಹಿಂದಿನ ಸೀಟಿನಲ್ಲಿ ಅವಳೂ ಇದ್ದಳು. “ಶಾಭಾಸ್ ಅನ್ನಾಕ ಬಾಯಿ ಎಲ್ಲಿ ತೆರದ್ರ ಯವ್ವಾ? ಎರಡೂ ಕೈಲೆ ಡ್ಯಾಶ್‌ಬೋರ್ಡ್ ಹಿಡಕೊಂಡ ಕುಂತಿದ್ರು.” ದಿನಚರಿ ತೆಗೆದೆ. ‘ಗಡಹಿಂಗ್ಲಜಕ್ಕೆ ಹೋಗಿ ಬಂದೆವು. ಬಿಸಿಲು ಭಾಳ.’ ಅಷ್ಟೇ.

ಇತಿಹಾಸದವಳ ಹಾಗೆ ಕೂತು ವಿಚಾರ ಮಾಡಿದೆ. ಆ ಕಟ್ಟಿಗೆ ಅಂದೇ ಇದ್ದಿದ್ದರೆ ನಾನು ಘಾಟಿನಲ್ಲಿ ಜೋಡಿ ಟ್ರಾಲಿಯನ್ನು ಹಿಂದೆ ಹಾಕಿರುವುದು ಸಾಧ್ಯವೇ ಇಲ್ಲ. ಹಿಂದೆ ಹಾಕಿದ್ದು ನಿಜವಾದರೆ ಕಟ್ಟಿಗೆ ಬಂದದ್ದು ಆಮೇಲೆ, ಅಂದರೆ ನನ್ನನ್ನು ನೋಡಿಯೇ. ಒಂದರಲ್ಲಿ ನಾನು ಹುಲಿಯಲ್ಲ, ಇನ್ನೊಂದರಲ್ಲಿ ಅಪ್ಪ ಹುಲಿಗೆ ಹೆದರಿದವರು. ಶಾಭಾಸ್ ಎರಡರಲ್ಲೂ ಉಳಿಯುವುದಿಲ್ಲ.

ಕಟ್ಟಿಗೆ ತೆಗೆದ ಮೇಲೆ ಪಿಕಪ್ ಬಂತು. ಭರತನೇ ಓಡಿಸಿ ನೋಡಿ, ಮಾರುವ ಮಾತು ಬಿಟ್ಟ. ಶನಿವಾರ ಗಡಹಿಂಗ್ಲಜದ ಚಿಕ್ಕವ್ವನ ಮನೆಗೆಂದು ಅವ್ವ ನನ್ನ ಜೊತೆ ಹೊರಟಳು. ತವಂದಿ ಘಾಟಿನಲ್ಲಿ ಮುಂದೆ ಟ್ರಾಲಿ ಇತ್ತು, ಬಲಗಡೆ ರಸ್ತೆ ಖಾಲಿ ಇತ್ತು. ಒತ್ತಿದೆ. ಕಾಲು ಅರ್ಧಕ್ಕೆ ಹೋಗಿ ನಿಂತಿತು. ಕೆಳಗೆ ಈಗ ಏನೂ ಇಲ್ಲವೆಂದು ನನಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಟ್ರಾಲಿಯವನು ಪಾಪ, ದಾರಿ ಬಿಟ್ಟು ಕೈ ಬೀಸಿದ. ಆಗಲೂ ನಾನು ಅವನ ಹಿಂದೆಯೇ ಉಳಿದೆ.

“ಅವ್ವಾ, ಖರೇ ಹೇಳು. ಅವತ್ತ ನಾ ಟ್ರಾಲಿ ಹಿಂದ ಹಾಕಿದ್ನೋ, ಇಲ್ಲಾ ನಾನ ಕಥಿ ಕಟಗೊಂಡೇನೋ?” ಎಂದೆ.

ಅವ್ವ ಕಿಟಕಿಯ ಗಾಜು ಇಳಿಸಿ, “ಇವತ್ತ ಹಿಂದ ಉಳದಿ, ಅಷ್ಟ ಸಾಕ” ಎಂದು ಘಾಟಿನ ಗುಡ್ಡದ ಮೇಲಿನ ಬಸದಿಯ ಕಡೆ ತಿರುಗಿ ಕೈ ಮುಗಿದಳು. ಮುಗಿದ ಕೈಯನ್ನು ಸಂಕೇಶ್ವರ ಬರುವತನಕ ಇಳಿಸಲಿಲ್ಲ.